ಹನ್ನೊಂದು ಎಂಜಿನ್ನಿಗೂ ಹದಿನೇಳು

ಮಾರ್ಚ್ 3, ಸೋಮವಾರ

ಅಮ್ಮ ಹೋಗಿ ಇಂದಿಗೆ ಆರು ವಾರ. ಮನೆಯಲ್ಲಿ ಈಗ ಇಬ್ಬರು, ನಾನು ಮತ್ತು ತಮ್ಮ. ನನಗೆ ಐವತ್ತೆರಡು, ಅವನಿಗೆ ನಲವತ್ತೇಳು. ಅವನ ಬುದ್ಧಿ ಅವನ ವಯಸ್ಸಿನ ಜೊತೆ ಬೆಳೆಯಲಿಲ್ಲ ಎಂದು ಅಮ್ಮ ಹೊಸಬರಿಗೆ ಹೇಳುತ್ತಿದ್ದಳು. ಅವನ ಊಟ, ನಿದ್ದೆ, ಸಿಟ್ಟು ಮೂರನ್ನೂ ದಿನಾ ಬರೆದಿಟ್ಟು ಮುಂದಿನ ತಿಂಗಳು ತನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಈ ಪುಸ್ತಕ.

ಊಟ: ಎರಡು ಹೊತ್ತು. ನಿದ್ದೆ: ಒಂಬತ್ತರಿಂದ ಐದೂವರೆ. ಸಿಟ್ಟು: ಒಂದು ಸಲ.

ಕಾರಣ: ಅವನ ಹಸಿರು ಎಂಜಿನ್ನು ನಿಂತುಹೋಯಿತು. ಮುಂದಿನ ಕೋಣೆಯಲ್ಲಿ ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜಿನ ಮೇಲೆ ಅವನ ರೈಲು ಹಳಿ ಇದೆ. ಗೇಣುದ್ದದ ಹನ್ನೊಂದು ಎಂಜಿನ್ನುಗಳಿವೆ. ಆಟಿಕೆ ಎಂದರೆ ಅವನಿಗೆ ಆಗುವುದಿಲ್ಲ, ಮಾದರಿ ಎನ್ನಬೇಕು. ಹಸಿರು ನಿಂತಾಗ ಸುಟ್ಟ ವಾಸನೆ ಬಂತು. ಅವನು ಮೇಜಿನ ಅಂಚು ಹಿಡಿದು ಇಪ್ಪತ್ತು ನಿಮಿಷ ಅಲ್ಲಾಡಿಸಿದ. ಒಂದು ಸೇತುವೆ, ಒಂದು ಸಿಗ್ನಲ್ ಕಂಬ ಬಿದ್ದವು. ನಾನು ಬಾಗಿಲಲ್ಲಿ ನಿಂತಿದ್ದೆ. ಇಂಥ ಹೊತ್ತಿನಲ್ಲಿ ಅಮ್ಮ ಏನು ಮಾಡುತ್ತಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದೆ. ಇಂಥ ಹೊತ್ತಿನಲ್ಲಿ ನಾನು ಯಾವಾಗಲೂ ಕೆಲಸದಲ್ಲಿರುತ್ತಿದ್ದೆ.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಈಗ ಅರ್ಧ ದಿನ ಮಾತ್ರ ಹೋಗುತ್ತೇನೆ, ಎಂಟರಿಂದ ಹನ್ನೆರಡು. ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತೇನೆ.

ಮಾರ್ಚ್ 4, ಮಂಗಳವಾರ

ಊಟ: ಒಂದು ಹೊತ್ತು. ನಿದ್ದೆ: ಸರಿ. ಸಿಟ್ಟು: ಇಲ್ಲ. ಮಾತೂ ಇಲ್ಲ. ಉಳಿದ ಹತ್ತು ಎಂಜಿನ್ನುಗಳನ್ನು ಮುಟ್ಟಲಿಲ್ಲ. ಹಸಿರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ.

ಮಾರ್ಚ್ 6, ಗುರುವಾರ

ರಿಪೇರಿಗೆ ಹೋದೆವು. ಅಂಗಡಿ ಬಸ್ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಜಾಗದಲ್ಲಿದೆ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಗೋಡೆ ಗಡಿಯಾರ, ಹೊಲಿಗೆ ಯಂತ್ರದ ಮೋಟಾರು, ಇಂಥ ರೈಲು, ಎಲ್ಲವನ್ನೂ ರಿಪೇರಿ ಮಾಡುತ್ತಾರೆ. ಅಂಗಡಿಯವರು ಎಪ್ಪತ್ತು ದಾಟಿದವರು. ತಮ್ಮ ಅವರನ್ನು ಬೋರ್ಡು ಮಾಮ ಎನ್ನುತ್ತಾನೆ. ಹಿಂದೆಲ್ಲ ಅಮ್ಮ ಕರೆದುಕೊಂಡು ಹೋಗುತ್ತಿದ್ದಳು. ನಾನು ಹೋದದ್ದು ಇದೇ ಮೊದಲು.

"ಏನ್ ಗಾರ್ಡ್ ಸಾಹೇಬ್ರೇ, ಎಷ್ಟು ದಿನ ಆಯ್ತು! ಗಾಡಿ ಲೇಟಾ?"

ತಮ್ಮ ನನ್ನ ಮುಖ ನೋಡಿದ. "ಎಂಜಿನ್ ನಿಂತುಹೋಗಿದೆ" ಎಂದು ನಾನು ಹೇಳಿದೆ.

"ನಿಮ್ಮನ್ನ ಕೇಳ್ಲಿಲ್ಲಮ್ಮ. ಗಾರ್ಡನ್ನ ಕೇಳ್ದೆ."

"ಅಮ್ಮ ಸತ್ತೋದ್ಲು," ಅಂದ ತಮ್ಮ. "ಹಸಿರೂ ಸತ್ತೋಯ್ತು."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಎಡಗಣ್ಣಿನ ಗಾಜು ಫ್ರೇಮಿನಲ್ಲಿ ಸಡಿಲವಾಗಿತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಅಮ್ಮನಿಗೆ ನನ್ಹತ್ರ ಮದ್ದಿಲ್ಲಪ್ಪ. ಹಸಿರಿಗೆ ಇದೆ. ಕೊಡಿಲ್ಲಿ."

ಮೇಲಿನ ಕವಚ ತೆಗೆದು ತೋರಿಸಿದರು. ಮೋಟಾರಿನ ಪಕ್ಕದಲ್ಲಿ ಉಗುರಿನಷ್ಟಗಲದ ಒಂದು ಬೋರ್ಡು, ಅದರ ಮಧ್ಯೆ ಕಂದು ಕಲೆ. "ಹಳಿಗೆಲ್ಲಾ ಒಂದೇ ಕರೆಂಟು. ಎಲ್ಲಾ ಎಂಜಿನ್ನೂ ಅದರ ಮೇಲೇ ನಿಂತಿರ್ತವೆ. ಹದಿನೇಳು ಬಾ ಅಂದ್ರೆ ಹದಿನೇಳೇ ಬರ್ಬೇಕು, ಬೇರೇದು ಅಲ್ಲಾಡ್ಬಾರ್ದು. ಅದಕ್ಕೆ ಪ್ರತಿಯೊಂದರ ಹೊಟ್ಟೇಲೂ ಒಂದು ಬೋರ್ಡು. ತನ್ನ ನಂಬರ್ ಕೂಗಿದ್ರೆ ಓಗೊಡುತ್ತೆ, ಇಲ್ದಿದ್ರೆ ಸುಮ್ನಿರುತ್ತೆ. ನೋಡಿ, ಎಣ್ಣೆ ಇಲ್ದೆ ಮೋಟಾರು ಬಿಗಿದಿದೆ. ಅದನ್ನ ಎಳೆದೂ ಎಳೆದೂ ಬೋರ್ಡು ಸುಟ್ಕೊಂಡಿದೆ."

"ಎಣ್ಣೆ ಅಮ್ಮ ಹಾಕ್ತಿದ್ಲು," ಅಂದ ತಮ್ಮ.

ಹಳೆಯ ಬೋರ್ಡು ಕಿತ್ತು ಹೊಸದು ಹಾಕಬೇಕು, ಏಳು ತಂತಿ ಬೆಸೆಯಬೇಕು. ಅವರ ಕೈ ನಡುಗುತ್ತದೆ. ಒಂದೊಂದು ಎಂಜಿನ್ನಿಗೆ ಮೂರು ವಾರ ಹಿಡಿಯುತ್ತಿದೆ ಎಂದರು. ಮೂರು ವಾರ ಎಂದ ಕೂಡಲೇ ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡ. ನಾನು ಚೀಲದಿಂದ ನನ್ನ ಸ್ಕ್ರೂಡ್ರೈವರ್ ತೆಗೆದು, "ಕನ್ನಡಕ ಕೊಡಿ" ಅಂದೆ. ಯಾಕೆ ಹಾಗಂದೆನೋ ತಿಳಿಯದು. ಸ್ಕ್ರೂ ಬಿಗಿ ಮಾಡಿ ಹಿಂದಕ್ಕೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ನನ್ನ ಕೈಗಳನ್ನು ನೋಡಿದರು. "ಇಂಥ ಕೈ ಇಟ್ಕೊಂಡು ನನ್ನ ಹತ್ರ ಯಾಕ್ರೀ ಬಂದ್ರಿ? ಹೊಟ್ಟೆ ಉರಿಸೋಕಾ?"

ಎರಡು ಬೋರ್ಡು, ಒಂದು ಸೋಲ್ಡರಿಂಗ್ ಐರನ್, ಒಂದು ಚೀಟಿ ಕೊಟ್ಟು ಕಳಿಸಿದರು. ಚೀಟಿಯಲ್ಲಿ ಹೀಗಿದೆ: ಕೆಂಪು, ಕಪ್ಪು ಹಳಿಯಿಂದ. ಕಿತ್ತಳೆ, ಬೂದು ಮೋಟಾರಿಗೆ. ಉಳಿದ ಮೂರು ದೀಪಕ್ಕೆ.

ಊಟ: ಎರಡು ಹೊತ್ತು.

ಮಾರ್ಚ್ 7, ಶುಕ್ರವಾರ

ಅಮ್ಮನ ಹೆಸರಿಗೆ ಕಾಗದ ಬಂದಿದೆ. ತಮ್ಮನಂಥ ದೊಡ್ಡವರಿಗೆಂದೇ ಊರಾಚೆ ಒಂದು ವಸತಿ ಇದೆ, ಅಲ್ಲಿಂದ. 'ನಾಲ್ಕು ವರ್ಷದ ಹಿಂದೆ ತಾವು ಸಲ್ಲಿಸಿದ ಅರ್ಜಿಯಂತೆ ಒಂದು ಜಾಗ ತೆರವಾಗಿದೆ. ಮಾರ್ಚ್ 31ರ ಸಂಜೆ ಐದರೊಳಗೆ ಒಪ್ಪಿಗೆ ಪತ್ರ ತಲುಪದಿದ್ದಲ್ಲಿ ಜಾಗವನ್ನು ಮುಂದಿನವರಿಗೆ ಕೊಡಲಾಗುವುದು.'

ಮೂರು ಸಲ ಓದಿದೆ. ಅವನಿಗೆ ಬೇರೆ ಕಡೆ ಒಂದು ರಾತ್ರಿಯೂ ಆಗುವುದಿಲ್ಲ ಎಂದು ನಲವತ್ತು ವರ್ಷ ಹೇಳಿದವಳು ಅಮ್ಮ. ತಂಗಿಗೆ ಫೋನ್ ಮಾಡಿದೆ. ಅವಳು ಬೇರೆ ಊರಿನಲ್ಲಿದ್ದಾಳೆ.

"ಗೊತ್ತಿತ್ತು," ಅಂದಳು.

"ಯಾವಾಗಿಂದ?"

"ಅರ್ಜಿ ತುಂಬಿದ್ದೇ ನಾನು ಕಣೇ. ಅಮ್ಮನಿಗೆ ಅಕ್ಷರ ಕಾಣ್ತಿರ್ಲಿಲ್ಲ."

ಕನ್ನಡಕ ಮಾಡುವವಳು ಮನೆಯಲ್ಲೇ ಇದ್ದಳು. ಅದನ್ನು ಹೇಳಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಹರಿದು ಹಾಕ್ತೀಯ ಅಂತ."

"ಅವನು ಒಂದು ರಾತ್ರಿನೂ ಇರಲ್ಲ ಅಂತ ಅವಳೇ ಹೇಳ್ತಿದ್ಳಲ್ಲ."

"ಹೇಳ್ತಾನೂ ಇದ್ಳು, ಅರ್ಜಿನೂ ಹಾಕಿದ್ಳು. ಎರಡೂ ಅವಳೇ. ನಿನ್ನ ಬಗ್ಗೆನೂ ಯೋಚನೆ ಮಾಡಿರ್ಬೇಕು, ಅಕ್ಕ."

ಸ್ಟವ್ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನ್ ಇಟ್ಟೆ. ಹಾಲಿಟ್ಟಿರಲಿಲ್ಲ.

ಕಾಗದವನ್ನು ಹರಿಯಲಿಲ್ಲ. ಹರಿಯಬೇಕಾಗಿಯೂ ಇಲ್ಲ. ಸುಮ್ಮನಿದ್ದರೆ ಸಾಕು, ತಿಂಗಳ ಕೊನೆಗೆ ಜಾಗ ತಾನಾಗಿ ಹೋಗುತ್ತದೆ. ಅಡುಗೆಮನೆಯ ಡಬ್ಬಗಳ ಹಿಂದೆ ಇಟ್ಟೆ.

ಮಾರ್ಚ್ 9, ಭಾನುವಾರ

ಮೊದಲ ಬೋರ್ಡು ನನ್ನ ಕೈಯಲ್ಲೇ ಸುಟ್ಟಿತು. ಬೆಸುಗೆ ಚೆನ್ನಾಗಿಯೇ ಇತ್ತು. ಆದರೆ ಮೋಟಾರಿನ ಒಂದು ತುದಿ ಎಂಜಿನ್ನಿನ ಲೋಹದ ಮೈಗೆ ತಾಗಿಕೊಂಡಿತ್ತು. ಅದನ್ನು ಬಿಡಿಸಿ, ಮಧ್ಯೆ ಟೇಪು ಹಚ್ಚಬೇಕಿತ್ತು. ಹಳಿಯ ಮೇಲೆ ಇಟ್ಟ ಕೂಡಲೇ ಟಪ್ ಎಂದಿತು, ಹೊಗೆ ಬಂತು. ತಮ್ಮ ಪಕ್ಕದಲ್ಲೇ ಇದ್ದ. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕಾದೆ. ಅವನು ಬಗ್ಗಿ ಮೂಸಿ ನೋಡಿ, "ಅಕ್ಕ ಸುಟ್ಲು" ಎಂದಷ್ಟೇ ಹೇಳಿ ಹೊರಟುಹೋದ.

ಸಿಟ್ಟು: ಇಲ್ಲ. ಯಾಕೆಂದು ತಿಳಿಯದು.

ಮಾರ್ಚ್ 10, ಸೋಮವಾರ

ರಿಪೇರಿಯವರಿಗೆ ಫೋನ್ ಮಾಡಿ ಹೇಳಿದೆ. ತುಂಬ ಹೊತ್ತು ನಕ್ಕರು. "ಒಂದಾದ್ರೂ ಸುಡದೇ ಇರೋರನ್ನ ನಾನು ಈ ಕೆಲಸಕ್ಕೆ ಸೇರಿಸ್ಕೊಳಲ್ಲ." ನಾನು ಯಾವ ಕೆಲಸಕ್ಕೂ ಸೇರಿಲ್ಲ ಎಂದೆ. "ಆಯ್ತು ಆಯ್ತು" ಅಂದರು.

ಮಾರ್ಚ್ 13, ಗುರುವಾರ

ಎರಡನೆಯ ಬೋರ್ಡು ಹಾಕಿದೆ. ಭೂತಗನ್ನಡಿ ಕಣ್ಣಿಗೆ ಕಟ್ಟಿಕೊಂಡು, ಟೇಪು ಹಚ್ಚಿ, ಒಂದೊಂದೇ ತಂತಿ. ಮೋಟಾರಿಗೆ ಎಣ್ಣೆ ಹಾಕಿದೆ. ಎರಡೂ ಕಾಲು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಏನನ್ನೂ ಯೋಚಿಸಲಿಲ್ಲ. ಬೇರೆ ಹೊತ್ತಿನಲ್ಲೂ ಯೋಚಿಸುವುದಿಲ್ಲ, ಆದರೆ ಇದು ಬೇರೆ ಥರ ಇತ್ತು.

ಹೊಸ ಬೋರ್ಡಿಗೆ ಇನ್ನೂ ನಂಬರು ಕೊಟ್ಟಿಲ್ಲ. ಹಸಿರು ಎಂಜಿನ್ನಿನ ಪಕ್ಕೆಯ ಮೇಲೆ 4417 ಎಂದು ಬಣ್ಣದಲ್ಲಿ ಬರೆದಿದೆ, ಕೊನೆಯ ಎರಡು ಅಂಕಿ ಅದರ ನಂಬರು. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನಲ್ಲಿ ಹದಿನೇಳು ಒತ್ತಿ, ಬರೆ ಎಂಬ ಗುಂಡಿ ಒತ್ತಬೇಕು. ರಿಪೇರಿಯವರು ಫೋನಿನಲ್ಲಿ ಎರಡು ಸಲ ಹೇಳಿದ ಮಾತು: ನಂಬರು ಬರೆಯುವಾಗ ಹಳಿಯ ಮೇಲೆ ಆ ಒಂದು ಎಂಜಿನ್ ಮಾತ್ರ ಇರಬೇಕು, ಉಳಿದದ್ದನ್ನೆಲ್ಲ ತೆಗೆದಿಡಬೇಕು. ಮರೆಯಬಾರದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 16, ಭಾನುವಾರ

ಮರೆತೆ.

ಬೆಳಿಗ್ಗೆ ಹತ್ತಕ್ಕೆ ಹಸಿರನ್ನು ಹಳಿಯ ಮೇಲಿಟ್ಟು, ಹದಿನೇಳು ಒತ್ತಿ, ಬರೆ ಒತ್ತಿದೆ. ಉಳಿದ ಹತ್ತೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. ಕಂಟ್ರೋಲರ್ ತಮ್ಮನ ಕೈಗೆ ಕೊಟ್ಟು, "ಹದಿನೇಳು ಕರಿ" ಅಂದೆ.

ಅವನು ಹದಿನೇಳು ಒತ್ತಿ ವೇಗದ ಗುಂಡಿ ತಿರುಗಿಸಿದ. ಹನ್ನೊಂದೂ ಹೊರಟವು.

ನನಗೆ ಮೊದಲು ಅರ್ಥವಾಗಲಿಲ್ಲ. ಸೇತುವೆಯ ಕೆಳಗಿದ್ದ ಕಪ್ಪು, ನಿಲ್ದಾಣದಲ್ಲಿದ್ದ ಎರಡು ಹಳದಿ, ಗೋಡೆಯ ಪಕ್ಕದ ಷೆಡ್ಡಿನಲ್ಲಿ ಸಾಲಾಗಿದ್ದ ಐದು, ಎಲ್ಲವೂ ಒಂದೇ ವೇಗದಲ್ಲಿ, ಒಂದೇ ಸದ್ದಿನಲ್ಲಿ ಹೊರಬಂದವು. ನಾನು ಕಿತ್ತಳೆ ತಂತಿ ಬೂದು ತಂತಿ ಅದಲುಬದಲು ಮಾಡಿದ್ದೆ ಎಂದು ಆಗಲೇ ಗೊತ್ತಾದದ್ದು, ಹಸಿರೊಂದೇ ಹಿಂದುಮುಂದಾಗಿ ಓಡುತ್ತಿತ್ತು. ಅದು ಬೆನ್ನು ಮುಂದೆ ಮಾಡಿಕೊಂಡು ಹೋಗಿ ಎರಡು ಹಳದಿಗಳನ್ನು ಗುದ್ದಿತು. ಕಪ್ಪು ಬಂದು ಹಸಿರಿಗೆ ಗುದ್ದಿತು. ಷೆಡ್ಡಿನಿಂದ ಬಂದ ಐದೂ ಒಂದರ ಹಿಂದೊಂದು ಸೇರಿಕೊಂಡು ತಳ್ಳತೊಡಗಿದವು. ಕೆಂಪು ಬಣ್ಣದ್ದೊಂದು ತಿರುವಿನಲ್ಲಿ ಹಳಿ ಬಿಟ್ಟು, ಮೇಜಿನ ಅಂಚಿನವರೆಗೂ ನಡೆದು, ನೆಲದ ಚಾಪೆಯ ಮೇಲೆ ಬಿತ್ತು.

ನಾನು ಸ್ವಿಚ್ಚಿಗೆ ಕೈ ಚಾಚಿದೆ. ತಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡ. ಇನ್ನು ಮನೆ ಉಳಿಯುವುದಿಲ್ಲ ಎಂದುಕೊಂಡೆ. ಅವನ ಗಂಟಲಿನಿಂದ ಬಿಕ್ಕಳಿಕೆಯಂಥ ಸದ್ದು ಬರುತ್ತಿತ್ತು. ನಗು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು.

"ಎಲ್ಲಾ ಹದಿನೇಳು!" ಅಂದ. "ಅಕ್ಕ ಎಲ್ಲಾರನ್ನೂ ಹದಿನೇಳು ಮಾಡ್ಬಿಟ್ಲು!"

"ತಪ್ಪಾಯ್ತು ಕಣೋ."

"ಮತ್ತೆ! ಇನ್ನೊಂದ್ಸಲ!"

ಅವನ್ನೆಲ್ಲ ಹಿಂದಿನ ಜಾಗಕ್ಕೆ ಎತ್ತಿಟ್ಟೆವು. ನಾಲ್ಕು ಸಲ ಮಾಡಿದೆವು. ಕೆಂಪು ಮತ್ತೆ ಬೀಳುತ್ತದೆಂದು ಗೊತ್ತಿದ್ದರಿಂದ ಮೂರನೆಯ ಸಲ ನಾನು ಅಂಚಿನಲ್ಲಿ ಕೈಯೊಡ್ಡಿ ನಿಂತೆ.

ಸಿಟ್ಟು: ಇಲ್ಲ. ನಗು: ಸುಮಾರು ಇಪ್ಪತ್ತು ನಿಮಿಷ. ನಗುವಿಗೆ ಡಾಕ್ಟರು ಜಾಗ ಹೇಳಿರಲಿಲ್ಲ. ಅಂಚಿನಲ್ಲಿ ಬರೆದಿದ್ದೇನೆ.

ಮಾರ್ಚ್ 17, ಸೋಮವಾರ

ಹನ್ನೊಂದನ್ನೂ ಡಬ್ಬಕ್ಕೆ ತುಂಬಿ ತರುತ್ತೇನೆ, ನಂಬರು ಸರಿ ಮಾಡಿಕೊಡಿ ಎಂದು ರಿಪೇರಿಯವರಿಗೆ ಫೋನ್ ಮಾಡಿದೆ.

"ಯಾಕೆ ಹೊತ್ತು ತರ್ತೀರಿ? ಕಂಟ್ರೋಲರ್ ಗಾರ್ಡ್ ಕೈಗೆ ಕೊಡಿ."

"ಅವನಿಗೆ ಬರಲ್ಲ."

"ಯಾರು ಹೇಳಿದ್ದು?"

"ಅಮ್ಮ."

"ನಿಮ್ಮಮ್ಮ ಇಲ್ಲಿ ಸ್ಟೂಲ್ ಮೇಲೆ ಕೂತು ಸ್ವೆಟರ್ ಹೆಣೀತಿದ್ರು. ಹನ್ನೊಂದಕ್ಕೂ ನಂಬರ್ ಹಾಕಿದ್ದು ಅವನೇ ಕಣಮ್ಮ, ನನ್ನ ಕಣ್ಣೆದ್ರಿಗೇ. ಎರಡು ತಪ್ಪು ಮಾಡ್ದ, ಮತ್ತೆ ತಿದ್ದಿದ. ನೀವೂ ತಪ್ಪು ಮಾಡಿದ್ರಲ್ಲ, ನಿಮ್ಗೇನಾದ್ರೂ ಬರಲ್ಲ ಅಂತ ಹೇಳಿದ್ನಾ ನಾನು?"

ಮಾರ್ಚ್ 19, ಬುಧವಾರ

ಬೆಳಿಗ್ಗೆ ಬೀಗ ಹಾಕಲು ಮರೆತು ಅಂಗಡಿಗೆ ಹೋಗಿದ್ದೆ. ಬೀಗ ಚೀಲದಲ್ಲೇ ಇತ್ತೆಂದು ಹನ್ನೊಂದೂವರೆಗೆ ನೋಡಿದೆ. ಕೈಯಲ್ಲಿದ್ದ ಗಾಜನ್ನು ಅರ್ಧಕ್ಕೆ ಬಿಟ್ಟು ಬಂದೆ. ಬಾಗಿಲು ತೆರೆಯಲಿಲ್ಲ. ಅವನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದ.

"ಯಾರು?"

"ನಾನು ಕಣೋ."

"ನಾನು ಅಂದ್ರೆ ಯಾರು?"

"ಅಕ್ಕ."

ತೆಗೆದ. "ಬೇಗ ಬಂದೆ," ಅಂದ. ಸ್ವಲ್ಪ ಬೇಸರವಾದವನ ಹಾಗೆ.

ಊಟ: ಎರಡು ಹೊತ್ತು. ನಾನೂ.

ಮಾರ್ಚ್ 20, ಗುರುವಾರ

ನಂಬರು ಅವನೇ ಹಾಕುತ್ತಿದ್ದಾನೆ. ದಿನಕ್ಕೆ ಎರಡು ಎಂಜಿನ್ನು, ಅದಕ್ಕಿಂತ ಹೆಚ್ಚಿಲ್ಲ. ಉಳಿದ ಎಲ್ಲವನ್ನೂ ಹಳಿಯಿಂದ ತೆಗೆದು ಟವೆಲ್ಲಿನ ಮೇಲೆ ಸಾಲಾಗಿ ಮಲಗಿಸುತ್ತಾನೆ. ಪಕ್ಕೆಯ ಮೇಲಿನ ನಂಬರನ್ನು ಬೆರಳಿಟ್ಟು ಗಟ್ಟಿಯಾಗಿ ಓದುತ್ತಾನೆ. ಒತ್ತುತ್ತಾನೆ. ಕರೆದು ನೋಡುತ್ತಾನೆ. ಇಂದು 62 ಹಾಕುವ ಬದಲು 26 ಹಾಕಿದ. ನಾನು ಬಾಯಿ ತೆರೆದೆ.

"ಅಕ್ಕ, ಆ ಕಡೆ ಹೋಗು."

ಹೋದೆ. ಹೋಗಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಕುಳಿತೆ. ನವೆಂಬರಿನಲ್ಲಿ ಅಮ್ಮ ಹಾಸಿಗೆ ಹಿಡಿದಾಗ ನಾನು ಅರ್ಧಕ್ಕೆ ಬಿಟ್ಟಿದ್ದ ಒಂದು ಕಾದಂಬರಿ ಬ್ರೆಡ್ ಡಬ್ಬದ ಪಕ್ಕದಲ್ಲಿ ಇನ್ನೂ ಹಾಗೇ ಇತ್ತು. ಆರು ಪುಟ ಓದಿದೆ. ಯಾರು ಯಾರ ಅತ್ತಿಗೆ ಎಂಬುದು ಮರೆತುಹೋಗಿದೆ.

ಅವನು ಒಳಗಿಂದ ಕೂಗಿದ: "ಅರವತ್ತೆರಡು ಬಂತು!"

ಮಾರ್ಚ್ 22, ಶನಿವಾರ

ವಸತಿಯ ಮೇಲ್ವಿಚಾರಕಿ ಫೋನ್ ಮಾಡಿದ್ದರು. ಅಮ್ಮ ಇಲ್ಲ ಎಂದು ತಿಳಿಸಿದೆ. ಅವರು ವಿಷಾದ ಹೇಳಿ, ಹಾಗಾದರೆ ಈಗ ನಿರ್ಧಾರ ಯಾರದು ಎಂದು ಕೇಳಿದರು. ನನ್ನದು ಎಂದೆ. ಒಮ್ಮೆ ಬಂದು ನೋಡಿ ಎಂದರು. ಬೇಡ, ಜಾಗ ಮುಂದಿನವರಿಗೆ ಕೊಡಿ ಎಂದು ಹೇಳಲು ಮೊದಲೇ ತಯಾರಾಗಿದ್ದೆ. "ಮಂಗಳವಾರ ಬರ್ತೀವಿ" ಎಂದು ನನ್ನ ಬಾಯಿಂದ ಬಂತು.

ಮಾರ್ಚ್ 25, ಮಂಗಳವಾರ

ಹೋಗಿ ಬಂದೆವು. ಬಸ್ಸಿನಲ್ಲಿ ನಲವತ್ತು ನಿಮಿಷ.

ಉದ್ದನೆಯ ಒಂದು ಮಹಡಿಯ ಕಟ್ಟಡ. ಬಾಗಿಲ ಬಳಿ ಚಪ್ಪಲಿಯ ಗೂಡುಗಳು, ಪ್ರತಿಯೊಂದರ ಮೇಲೂ ಒಂದೊಂದು ಚಿತ್ರ: ಕೊಡೆ, ಮೀನು, ಕೀಲಿಕೈ. ಒಂದು ಗೂಡು ಖಾಲಿ ಇತ್ತು, ಅದಕ್ಕೆ ಚಿತ್ರ ಇರಲಿಲ್ಲ. ನೆಲ ಒರೆಸಿದ ವಾಸನೆ. ಒಬ್ಬ ದಪ್ಪ ಮನುಷ್ಯ ಬಂದು ನನ್ನ ಕಾಲು ನೋಡಿ, "ನಿಮ್ಮದು ಎಷ್ಟನೇ ನಂಬರ್ ಚಪ್ಪಲಿ?" ಎಂದು ಕೇಳಿದ. ಆರು ಎಂದೆ. ತಮ್ಮನನ್ನೂ ಕೇಳಿದ. "ಒಂಬತ್ತು. ನನ್ನ ಎಂಜಿನ್ನು ಹದಿನೇಳು," ಅಂದ ತಮ್ಮ. ದಪ್ಪ ಮನುಷ್ಯನಿಗೆ ಬಹಳ ಗೌರವ ಬಂದಂತೆ ಕಂಡಿತು. "ಹದಿನೇಳು ನಂಬರ್ ಚಪ್ಪಲಿ ನಾನು ನೋಡೇ ಇಲ್ಲ" ಅಂದ.

ಮೇಲ್ವಿಚಾರಕಿ ಕುರ್ಚಿ ಎಳೆದು ತಮ್ಮನ ಎದುರಿಗೆ ಕುಳಿತರು. "ನಿಮಗೆ ಏನೇನು ಇಷ್ಟ?"

ತಮ್ಮ ನನ್ನ ಮುಖ ನೋಡಿದ. "ರೈಲು" ಎಂದೆ.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀರಿ?"

ನನ್ನ ಮುಖ ನೋಡಿದ. "ಐದೂವರೆಗೆ" ಎಂದೆ.

"ಮೇಡಂ, ನೀವು ನಮ್ಮ ಅಡುಗೆಮನೆ ನೋಡಿ ಬರ್ತೀರಾ? ಬಲಗಡೆ ಕೊನೇಲಿದೆ," ಅಂದರು ಅವರು.

ಅಡುಗೆಮನೆಯಲ್ಲಿ ನೋಡಲು ಏನಿದೆ, ದೊಡ್ಡ ಪಾತ್ರೆಗಳು. ಹಿಂದಿರುಗುವಾಗ ಉದ್ದದ ಕಾರಿಡಾರಿನಲ್ಲಿ ಅವನ ದನಿ ಕೇಳಿತು. ನಿಂತೆ. ಬೋರ್ಡು ಎಲ್ಲಿರುತ್ತದೆ, ನಂಬರು ಕೂಗಿದರೆ ಹೇಗೆ ಓಗೊಡುತ್ತದೆ, ಅಕ್ಕ ಹೇಗೆ ಎಲ್ಲರನ್ನೂ ಹದಿನೇಳು ಮಾಡಿದಳು, ಕೆಂಪು ಹೇಗೆ ನಡೆದುಕೊಂಡು ಹೋಗಿ ಬಿತ್ತು. ಅಷ್ಟು ಉದ್ದದ ಮಾತನ್ನು ಅವನು ನನ್ನ ಜೊತೆ ಆಡಿದ ನೆನಪಿಲ್ಲ. ಎಲ್ಲಿಯೂ ತಡವರಿಸಲಿಲ್ಲ. ಮೇಲ್ವಿಚಾರಕಿ ನಗುತ್ತಿದ್ದರು. ನಾನು ಬಾಗಿಲಿಗೆ ಬಂದ ಕೂಡಲೇ ಅವನು ನಿಲ್ಲಿಸಿ ನನ್ನ ಮುಖ ನೋಡಿದ, ಹೇಳಿದ್ದು ಸರಿಯೇ ಎಂಬ ಹಾಗೆ.

ಹೊರಡುವಾಗ ಅವರು ನನ್ನನ್ನು ಒಂದು ಪಕ್ಕಕ್ಕೆ ಕರೆದರು. "ತಪ್ಪು ತಿಳ್ಕೋಬೇಡಿ. ನೀವು ಎದುರಿಗಿದ್ರೆ ಅವರು ನಿಮ್ಮ ಮುಖ ಓದ್ತಾರೆ. ಅಲ್ಲಿ ಏನು ಕಾಣುತ್ತೋ ಅದನ್ನೇ ಹೇಳ್ತಾರೆ." ಒಪ್ಪಿಗೆ ಪತ್ರ ಕೊಟ್ಟರು. ಕೆಳಗೆ ಎರಡು ಗೆರೆ ಇವೆ, ಒಂದು ನನಗೆ, ಒಂದು ಅವನಿಗೆ.

"ಅರ್ಜಿಗೆ ಅಮ್ಮ ಒಬ್ಬಳೇ ಸಹಿ ಹಾಕಿದ್ದಳಲ್ಲ?" ಎಂದೆ.

"ಅದು ಅರ್ಜಿ. ಇದು ಒಪ್ಪಿಗೆ. ಇಲ್ಲಿ ಇರೋರು ಅವರು ತಾನೇ?"

ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕುಳಿತ. ಅರ್ಧ ದಾರಿ ಬಂದ ಮೇಲೆ ಮಾತಾಡಿದ.

"ಅಲ್ಲಿ ಕೋಣೆ ದೊಡ್ಡದು."

"ಹೂಂ."

"ನಮ್ಮನೇದು ಚಿಕ್ಕದು."

"ಹೂಂ."

"ನಮ್ಮನೇಲಿ ನೀನಿದೀಯ."

ಅದು ಯಾವ ಕಡೆಯ ಲೆಕ್ಕಕ್ಕೆ ಸೇರುವ ಮಾತು ಎಂದು ಗೊತ್ತಾಗಲಿಲ್ಲ. ಅವನ ಮುಖ ಕಿಟಕಿಯ ಕಡೆ ಇತ್ತು.

ಮಾರ್ಚ್ 27, ಗುರುವಾರ

ತಂಗಿಯ ಫೋನು.

"ಏನ್ಮಾಡ್ದೆ? ನಾಲ್ಕೇ ದಿನ ಇರೋದು."

"ಏನೂ ಮಾಡಿಲ್ಲ."

"ಅದು ನಿಂಗೆ ಚೆನ್ನಾಗಿ ಬರುತ್ತೆ. ಏನೂ ಮಾಡ್ದೇ ಇದ್ದು, ಆಮೇಲೆ ಎಲ್ಲಾ ತಾನಾಗೇ ಆಗೋಯ್ತು ಅನ್ನೋದು. ನಿನ್ನ ಮದುವೆ ವಿಷಯಾನೂ ಹಾಗೇ ಕಳೆದೆ."

"ಅದನ್ನ ಯಾಕೆ ತೆಗೀತೀಯ ಈಗ?"

"ತೆಗೀಬಾರ್ದಿತ್ತು, ಬಿಡು. ಅಕ್ಕ, ನಿಂಗೆ ಎಪ್ಪತ್ತಾದಾಗ ಅವನಿಗೆ ಅರವತ್ತೈದು. ಆಗ ಇಂಥ ಜಾಗ ಕೇಳಿದ್ರೆ ಯಾರು ಕೊಡ್ತಾರೆ?"

"ಅವನ ಸಹಿ ಬೇಕಂತೆ."

"ಅಷ್ಟೇ ತಾನೆ? ಹಾಕು ಅನ್ನು, ಹಾಕ್ತಾನೆ. ಬೇಡ ಅನ್ನು, ಹಾಕಲ್ಲ. ನೀನು ಏನಂದ್ರೆ ಅದು ಅವನಿಗೆ."

"ಹೂಂ. ಅದು ನಿಜ."

ಅವಳು ಜಗಳಕ್ಕೆ ತಯಾರಾಗಿದ್ದಳು, ನಾನು ಒಪ್ಪಿಕೊಂಡದ್ದರಿಂದ ಇಬ್ಬರಿಗೂ ಮಾತು ಮುಗಿಯಿತು. ಅವಳು ಆ ಕಡೆ ಅಳುತ್ತಿದ್ದಳು ಎಂದು ಕಾಣುತ್ತದೆ. ನಾನು ಫೋನ್ ಇಡದೆ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ, "ಅಣ್ಣ ಹನ್ನೊಂದನ್ನೂ ಒಟ್ಟಿಗೆ ಓಡಿಸಿದ್ನಂತೆ, ಹೌದಾ?" ಎಂದು ಮೂಗೆಳೆದುಕೊಂಡು ಕೇಳಿದಳು. ಅವನೇ ಅವಳಿಗೆ ಫೋನ್ ಮಾಡಿದ್ದನಂತೆ. ಅವನಿಗೆ ಫೋನ್ ಮಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 28, ಶುಕ್ರವಾರ

ರಿಪೇರಿಯವರು ಬೇರೆಯವರ ಮೂರು ಎಂಜಿನ್ನುಗಳನ್ನು ನನ್ನ ಕೈಗೆ ದಾಟಿಸಿದ್ದಾರೆ. ಎಲ್ಲದಕ್ಕೂ ಬೋರ್ಡು ಹೋಗಿದೆ. ಮಧ್ಯಾಹ್ನ ಒಂದನ್ನು ಮುಗಿಸಿದೆ. ಕಿತ್ತಳೆ, ಬೂದು ಎರಡು ಸಲ ನೋಡಿದೆ. ತಮ್ಮ ಅಡುಗೆಮನೆಗೆ ಬಂದು ಅದನ್ನು ಒಯ್ದು, ಹಳಿಯ ಮೇಲೆ ಪರೀಕ್ಷೆ ಮಾಡಿ, "ಪಾಸು" ಅಂದ.

ಹನ್ನೊಂದಕ್ಕೂ ಈಗ ಅದರದರ ನಂಬರು ಇದೆ. ಕೆಲಸ ಮುಗಿದದ್ದಕ್ಕೆ ಅವನಿಗೆ ಖುಷಿ ಇದ್ದಂತಿಲ್ಲ. ಸಂಜೆ ಎರಡು ಹಳದಿಗಳಿಗೆ ಬೇಕೆಂದೇ ಒಂದೇ ನಂಬರು ಹಾಕಿ ಜೋಡಿಯಾಗಿ ಓಡಿಸುತ್ತಿದ್ದ.

ಊಟ, ನಿದ್ದೆ ಬರೆಯುವುದು ಒಂಬತ್ತು ದಿನದಿಂದ ಬಿಟ್ಟುಹೋಗಿದೆ.

ಮಾರ್ಚ್ 30, ಭಾನುವಾರ

ಒಪ್ಪಿಗೆ ಪತ್ರ ನಾಳೆ ಸಂಜೆ ಐದರೊಳಗೆ ತಲುಪಬೇಕು. ಎರಡು ಗಂಟೆಯ ಬಸ್ಸಿಗೆ ಹೋದರೆ ನಾನೇ ಕೊಟ್ಟು ಬರಬಹುದು.

ಇಂದು ಮಧ್ಯಾಹ್ನ ಅದನ್ನು ಪೂರ್ತಿ ಓದಿದೆ, ಹಿಂಬದಿಯನ್ನೂ. ವಾರಕ್ಕೆ ಎರಡು ದಿನ ಮನೆಯವರು ಬರಬಹುದು. ಮೂರು ತಿಂಗಳ ತನಕ ಮನಸ್ಸು ಬದಲಿಸಬಹುದು. ಸ್ವಂತ ಸಾಮಾನು ಒಂದು ಮೇಜಿನಷ್ಟು ತರಬಹುದು. ಮೇಜಿನ ಅಳತೆ ಹೇಳಿಲ್ಲ.

ನಾಳೆ ಅಂಗಡಿಗೆ ರಜೆ ಹೇಳಿದ್ದೇನೆ. ತಿಂಡಿ ಆದ ಮೇಲೆ ಅವನನ್ನು ಕೇಳುತ್ತೇನೆ. ಅವನು ಏನು ಹೇಳಿದರೆ ಅದು.

ಹೇಗೆ ಕೇಳಬೇಕೆಂದು ಒಂದು ಹಾಳೆಯಲ್ಲಿ ಬರೆದು ನೋಡಿದೆ. ಮೊದಲು ಬರೆದದ್ದು: ನಿನಗೆ ಅಲ್ಲಿಗೆ ಹೋಗೋಕೆ ಇಷ್ಟ ಇಲ್ಲ ಅಲ್ವಾ? ಅದನ್ನು ಹೊಡೆದು ಹಾಕಿದೆ. ಎರಡನೆಯದು: ಅಲ್ಲಿ ಅಕ್ಕ ಇರಲ್ಲ, ಪರವಾಗಿಲ್ವಾ? ಅದನ್ನೂ ಹೊಡೆದೆ. ಮೂರನೆಯದರಲ್ಲಿ ಅಮ್ಮನ ಹೆಸರು ತಂದಿದ್ದೆ, ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನಾಲ್ಕನೆಯದು: ಅಲ್ಲಿರ್ತೀಯಾ, ಇಲ್ಲಿರ್ತೀಯಾ? ಇಷ್ಟು ಸಾಕು.

ಅವನು ಇಲ್ಲಿ ಎನ್ನಬೇಕು ಎಂದು ನನಗೆ ಆಸೆ ಇದೆ. ಬಹಳ ಇದೆ. ಈ ತಿಂಗಳ ಮೊದಲಲ್ಲಿ ನನಗೆ ಯಾವುದರ ಆಸೆಯೂ ಇರಲಿಲ್ಲ. ಇದನ್ನು ತಂಗಿಗೆ ಹೇಳುವುದಿಲ್ಲ, ಮೇಲ್ವಿಚಾರಕಿಗೂ ಹೇಳುವುದಿಲ್ಲ. ಡಾಕ್ಟರಿಗೆ ಕೊಡಲು ಊಟ ನಿದ್ದೆಯ ಲೆಕ್ಕವನ್ನು ಬೇರೆ ಹಾಳೆಗೆ ಇಳಿಸಿಕೊಡುತ್ತೇನೆ.

ಪತ್ರವನ್ನು ಅವನ ಮುಂದಿಟ್ಟು ಎರಡೂ ಬದಿ ಓದಿ ಹೇಳುತ್ತೇನೆ. ಪೆನ್ನು ಅವನ ಬಲಗಡೆ ಇಡುತ್ತೇನೆ. ಆ ಒಂದು ಮಾತು ಕೇಳಿ, ಉತ್ತರಕ್ಕೆ ನಿಲ್ಲದೆ ಅಡುಗೆಮನೆಗೆ ಹೋಗಿ ತಿಂಡಿಯ ಪಾತ್ರೆ ತೊಳೆಯುತ್ತೇನೆ. ಮುಂದಿನ ಕೋಣೆಯಿಂದ ನೋಡಿದರೆ ನಲ್ಲಿಯ ಬಳಿ ನಿಂತವರ ಬೆನ್ನು ಮಾತ್ರ ಕಾಣುತ್ತದೆ. ಇಂದು ಸಂಜೆ ಅವನ ಕುರ್ಚಿಯಲ್ಲಿ ಕುಳಿತು ನೋಡಿಕೊಂಡೆ. ಅವನು ಸಹಿ ಹಾಕಿ ಕರೆದರೂ, ಹಾಕದೆ ಕರೆದರೂ, ನಲ್ಲಿ ನಿಲ್ಲಿಸಿ ಕೈ ಒರೆಸಿಕೊಳ್ಳುವಷ್ಟು ಹೊತ್ತು ನನಗೆ ಸಿಗುತ್ತದೆ. ಆಮೇಲೆ ತಿರುಗುತ್ತೇನೆ.